ಗಲ್ಲಾದ ಮುಂದಿನ ಬಿಟ್ಟಿ ಬುದ್ಧಿವಾದ

ಒಂದು ಪ್ಲೇಟು ಇಡ್ಲಿ, ಒಂದು ಕಟಿಂಗ್ ಚಾ. ಇಷ್ಟಕ್ಕೆ ದುಡ್ಡು ಕೊಟ್ಟ ಮಹನೀಯರು ಗಲ್ಲಾದ ಮುಂದೆ ನಿಂತು, ಬಡೆಸೋಂಪು ಬಾಯಿಗೆ ಹಾಕಿಕೊಂಡು, "ಶೆಟ್ಟರೇ, ಒಂದು ಮಾತು ಹೇಳಲೇ?" ಎಂದು ಸುರು ಮಾಡುತ್ತಾರೆ. ಮುಂಬಯಿಯಲ್ಲಿ ಹೋಟೆಲು ಕೆಲಸ ಮಾಡಿದ ನಮ್ಮಲ್ಲಿ ಈ ಮಾತನ್ನು ಕೇಳದವರು ಯಾರೂ ಇಲ್ಲ. ಒಂದು ಮಾತು ಎನ್ನುತ್ತಾರೆ; ಒಂದಕ್ಕೆ ಮುಗಿದದ್ದನ್ನು ನಾವು ಇದುವರೆಗೆ ಕಂಡಿಲ್ಲ. ರಾತ್ರಿ ಒಂದರ ತನಕ ತೆರೆದಿಡಿ, ಒಳ್ಳೆಯ ವ್ಯಾಪಾರ. ಮೊಬೈಲಿನ ಆಪಿಗೆ ಸೇರಿರಿ. ಎ.ಸಿ. ಹಾಕಿಸಿ. ಈ ಮುದುಕ ಸಪ್ಲಾಯರನನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ? ಸೆಲ್ಫ್ ಸರ್ವಿಸ್ ಮಾಡಿ, ಅರ್ಧ ಸಂಬಳ ಉಳಿಯುತ್ತದೆ.

ಶೆಟ್ಟರು ನಗುತ್ತ ತಲೆಯಾಡಿಸುತ್ತಾರೆ. ಗಿರಾಕಿಯ ಮನಸ್ಸು ಮುರಿಯಬಾರದಲ್ಲ! ನಮಗೆ ಮಾತ್ರ ನಗು ಬರುವುದಿಲ್ಲ. ಕೇಳುವುದಕ್ಕೆ ಬಿಟ್ಟಿಯಾದ ಈ ಬುದ್ಧಿವಾದದ ಬಿಲ್ಲು ಒಳಗಿನ ಅಡುಗೆಮನೆಗೆ ಬರುತ್ತದೆ.

ಗಿರಾಕಿ ಬಾಯಿ ಮುಚ್ಚಿಕೊಂಡು ತಿಂದು ಹೋಗಬೇಕೆಂದು ನಾವು ಹೇಳುವವರಲ್ಲ. ಸಾಂಬಾರಿನಲ್ಲಿ ಉಪ್ಪು ಹೆಚ್ಚಾಗಿದೆ, ಗ್ಲಾಸು ತೊಳೆದಿಲ್ಲ, ಚಿಲ್ಲರೆ ತಪ್ಪಾಗಿದೆ ಎಂದು ಹೇಳಲಿ, ಗಟ್ಟಿಯಾಗಿಯೇ ಹೇಳಲಿ. ಅದು ದುಡ್ಡು ಕೊಟ್ಟವನ ಹಕ್ಕು. ಕೇಳಿ ಸರಿಪಡಿಸುವುದು ನಮ್ಮ ಕೆಲಸ. ಆದರೆ ಎಷ್ಟು ಆಳು ಬೇಕು, ಯಾರನ್ನು ತೆಗೆಯಬೇಕು, ಬಾಗಿಲು ಎಷ್ಟು ಗಂಟೆಗೆ ಹಾಕಬೇಕು ಎಂಬ ಲೆಕ್ಕವೂ ಆ ಇಡ್ಲಿಯ ಬೆಲೆಯಲ್ಲಿ ಸೇರಿದೆಯೇ ಎಂದು ಕೇಳುತ್ತೇವೆ.

ಮೊದಲು ರಾತ್ರಿ ಒಂದರ ಮಾತನ್ನೇ ತೆಗೆದುಕೊಳ್ಳಿ. ಹೇಳಿದವರು ಹತ್ತಕ್ಕೆ ಮನೆಗೆ ಹೋಗಿ ಮಲಗುತ್ತಾರೆ. ಅಂಗಡಿಯ ಒಳಗೇ ಮಲಗುವ ಹುಡುಗನಿಗೆ ಬಾಗಿಲು ಹಾಕಿದ ಮೇಲೆಯೇ ರಾತ್ರಿ. ಕಡೆಯ ಗಿರಾಕಿ ಎದ್ದ ಮೇಜನ್ನು ಒರೆಸಿ, ನೆಲ ತೊಳೆದು, ನೆಲ ಆರಿದ ಮೇಲೆ ಚಾಪೆ ಬಿಡಿಸಬೇಕು. ಬಾಗಿಲು ಒಂದಕ್ಕೆ ಹಾಕಿದರೆ ಇವನು ಮಲಗುವುದು ಎರಡಕ್ಕೆ. ನಾಲ್ಕಕ್ಕೆ ಒಲೆ ಹೊತ್ತಬೇಕು, ಏಕೆಂದರೆ ಸಲಹೆ ಕೊಟ್ಟ ಅದೇ ಮಹನೀಯರಿಗೆ ಏಳು ಗಂಟೆಗೆ ಬಿಸಿ ಇಡ್ಲಿ ಬೇಕು! ಹಿಟ್ಟು ತಾನಾಗಿ ರುಬ್ಬಿಕೊಂಡು ತಾನಾಗಿ ಹುದುಗುತ್ತದೆಂದು ಅವರು ತಿಳಿದಿರಬಹುದು.

ಇನ್ನು ಆಪಿನ ಮಾತು. ಒಂದು ಮಸಾಲೆ ದೋಸೆಗೆ 70 ರೂಪಾಯಿ ಎಂದಿಟ್ಟುಕೊಳ್ಳಿ. ತಲುಪಿಸುವ ಕಂಪನಿ ನೂರಕ್ಕೆ 25ರಂತೆ ಮುರಿದುಕೊಂಡರೆ 17 ರೂಪಾಯಿ 50 ಪೈಸೆ ಹೋಯಿತು. ಅದನ್ನು ಎಲ್ಲಿಂದ ತುಂಬಬೇಕು? ಉದ್ದಿನ ವ್ಯಾಪಾರಿ ಬಿಡುವುದಿಲ್ಲ, ಗ್ಯಾಸಿನವ ಬಿಡುವುದಿಲ್ಲ, ಜಾಗದ ಯಜಮಾನನಂತೂ ಬಿಡುವುದೇ ಇಲ್ಲ. ಉಳಿದವನು ಮೋರಿಯ ಹತ್ತಿರ ಪಾತ್ರೆ ತಿಕ್ಕುವವನು. 2019ರ ಆಗಸ್ಟಿನಲ್ಲಿ ದೊಡ್ಡ ದೊಡ್ಡ ಹೋಟೆಲುಗಳ ಮಾಲಕರೇ ಈ ಕಂಪನಿಗಳ ರಿಯಾಯಿತಿ ಯೋಜನೆಗಳನ್ನು ತಾಳಲಾರದೆ ಅವುಗಳಿಂದ ಹೊರಗೆ ಬಂದರು. ಆರು ಮೇಜಿನ ಅಂಗಡಿಯವನು ಏನು ಮಾಡಿಯಾನು?

ಎಲ್ಲಕ್ಕಿಂತ ಕೆಟ್ಟದ್ದು ಆಳು ಕಡಿಮೆ ಮಾಡುವ ಉಪದೇಶ. ಮಿಲ್ಲಿನ ಬಂಧುಗಳಿಗೆ ಇದು ಹೊಸದಲ್ಲ. ಒಬ್ಬ ನೇಕಾರನಿಗೆ ಇನ್ನಷ್ಟು ಮಗ್ಗ ಹೊರಿಸುವ ಪದ್ಧತಿ ಬಂದಾಗ ಮುಂಬಯಿಯ ಗಿರಣಿ ಕಾರ್ಮಿಕರು 1928ರಲ್ಲಿ ಸುಮಾರು ಆರು ತಿಂಗಳು ಮುಷ್ಕರ ಹೂಡಿದರು. ಆಗ ಆ ಮಾತನ್ನು ಹೇಳಿದವರು ಮಾಲಕರು, ಅವರ ಮ್ಯಾನೇಜರುಗಳು. ಈಗ ಅದೇ ಮಾತನ್ನು ಚಾ ಕುಡಿಯಲು ಬಂದವರು ಹೇಳುತ್ತಾರೆ. ಮಾಲಕರು ನಮ್ಮ ಕಡೆ ತಿರುಗಿ "ನಾನೇನು ಮಾಡಲಿ, ಗಿರಾಕಿಗಳೇ ಹೇಳುತ್ತಿದ್ದಾರೆ" ಎನ್ನುತ್ತಾರೆ. ಗಿರಾಕಿ ದೋಸೆ ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದರೆ ಮಾತ್ರ ಅವರಿಗೆ ಕಿವಿ ಕೇಳಿಸುವುದಿಲ್ಲ.

ಆಳಿಲ್ಲದ ಅಂಗಡಿಗಳೂ ಇವೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತರ ಮುಂದಾಳ್ತನದಲ್ಲಿ ಸುರುವಾದ ಮುಷ್ಕರದಲ್ಲಿ ಸುಮಾರು 2.5 ಲಕ್ಷ ಜನ ಮಿಲ್ಲುಗಳಿಂದ ಹೊರಗೆ ಬಂದರು. ಎಷ್ಟೋ ಜನ ಮರಳಿ ಒಳಗೆ ಹೋಗಲೇ ಇಲ್ಲ. ಕೆಲವರು ವಡಾಪಾವಿನ ಗಾಡಿ ಇಟ್ಟರು, ಕೆಲವರು ಚಾಳಿನ ಬಾಯಲ್ಲಿ ಬೀಡಿ, ಬಿಸ್ಕೀಟು ಮಾರಿದರು. ಅಂಥ ಗಾಡಿಗಳನ್ನು ಇಂದು ಅವರ ಮಕ್ಕಳು ನಡೆಸುತ್ತಿದ್ದಾರೆ. ಅವರ ಮುಂದೆಯೂ ಬುದ್ಧಿವಂತರು ನಿಲ್ಲುತ್ತಾರೆ: "ಇನ್ನೂ ಒಂದೇ ಗಾಡಿಯೇ? ನಾಲ್ಕು ಕಡೆ ಶಾಖೆ ಮಾಡು. ಸಾಲ ತೆಗೆ. ನಿನಗೆ ಹುಮ್ಮಸ್ಸೇ ಇಲ್ಲ." ಗಂಡ ವಡೆ ಕರಿಯುತ್ತಾನೆ, ಹೆಂಡತಿ ಬಟಾಟೆ ಸುಲಿಯುತ್ತಾಳೆ, ಮುನಿಸಿಪಾಲಿಟಿಯ ಗಾಡಿ ಬಂದರೆ ಇಬ್ಬರೂ ಎಣ್ಣೆಯ ಬಾಣಲೆ ಹಿಡಿದು ಓಡುತ್ತಾರೆ. ಇದನ್ನು ಕಣ್ಣಾರೆ ನೋಡುತ್ತ ಹುಮ್ಮಸ್ಸಿಲ್ಲ ಎನ್ನುವ ಬಾಯಿಗೆ ಏನೆನ್ನಬೇಕು? ಸಾಲ ತೀರಿಸಲಾಗದ ದಿನ ಈ ಮಹನೀಯರು ಬೇರೆ ಗಾಡಿಯಲ್ಲಿ ವಡೆ ತಿನ್ನುತ್ತಿರುತ್ತಾರೆ.

ಈ ವಿಷಯವನ್ನು ಈಗ ಬರೆಯಲು ಕಾರಣವಿದೆ. ಪಶ್ಚಿಮ ಉಪನಗರದ ಒಂದು ಹೋಟೆಲು. ಮಾತುಕತೆ ನಡೆಯುತ್ತಿರುವುದರಿಂದ ಹೆಸರು ಬರೆಯುವುದಿಲ್ಲ. ಮಾಲಕರು ಒಂದು ಕಾಲಕ್ಕೆ ತಾವೇ ಮೇಜು ಒರೆಸಿದವರು, ಕೆಟ್ಟವರಲ್ಲ. ಅಲ್ಲಿಗೆ ದಿನವೂ ಬರುವ ಒಬ್ಬ ನಿವೃತ್ತ ಬ್ಯಾಂಕು ಅಧಿಕಾರಿಗಳಿದ್ದಾರೆ. ಒಂದು ಕಾಫಿಗೆ ಒಂದು ಗಂಟೆ ಕೂಡುತ್ತಾರೆ, ಹಬ್ಬಕ್ಕೆ ಹುಡುಗರ ಕೈಗೆ ಹತ್ತಿಪ್ಪತ್ತು ಇಡುತ್ತಾರೆ, ಅವರೂ ಕೆಟ್ಟವರಲ್ಲ. ಅವರು ಹೇಳಿದರಂತೆ: "ಹನ್ನೆರಡು ಜನ ಏಕೆ? ಒಂಬತ್ತು ಮಾಡಿ. ಹತ್ತಕ್ಕಿಂತ ಕೆಳಗೆ ಬಂದರೆ ಗ್ರಾಚ್ಯುಯಿಟಿಯ ತಂಟೆಯೇ ಇಲ್ಲ." ತಾವು ಮಾತ್ರ ಭವಿಷ್ಯನಿಧಿ, ಗ್ರಾಚ್ಯುಯಿಟಿ, ಪಿಂಚಣಿ ಮೂರನ್ನೂ ಎಣಿಸಿ ತೆಗೆದುಕೊಂಡು ಮನೆಗೆ ಬಂದವರು! ಮರುವಾರ ಇಬ್ಬರು ಸಪ್ಲಾಯರರಿಗೂ ಒಬ್ಬ ಪಾತ್ರೆ ತೊಳೆಯುವವನಿಗೂ ತಿಂಗಳ ಕೊನೆಗೆ ಬಿಡಬೇಕೆಂದು ಹೇಳಲಾಯಿತು. ಸಪ್ಲಾಯರರಲ್ಲಿ ಒಬ್ಬರು ಅಲ್ಲಿ 22 ವರ್ಷ ದುಡಿದವರು.

ಬ್ಯಾಂಕಿನವರ ಕಾನೂನು ಕೂಡ ತಪ್ಪು. 1972ರ ಕಾಯಿದೆಯಿಂದ ಬಂದ ಹಕ್ಕು ಇದು: 10 ಅಥವಾ ಹೆಚ್ಚು ಜನರಿರುವ ಅಂಗಡಿಗೆ ಒಮ್ಮೆ ಅನ್ವಯಿಸಿದ ಮೇಲೆ ಆಳು ಒಂಬತ್ತಾದರೂ, ಐದಾದರೂ ಅದು ಬಿಡುವುದಿಲ್ಲ. 20 ಜನರ ಗೆರೆಯಿರುವ ಭವಿಷ್ಯನಿಧಿಯ ಮಾತೂ ಹಾಗೆಯೇ. "ಹತ್ತೊಂಬತ್ತಕ್ಕೆ ಇಳಿಸಿ" ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಆ ಸಪ್ಲಾಯರರ ಸಂಬಳ 13,000 ರೂಪಾಯಿ. 26ರಿಂದ ಭಾಗಿಸಿದರೆ ದಿನಕ್ಕೆ 500. ವರ್ಷಕ್ಕೆ 15 ದಿನದಂತೆ 7,500. ಇಪ್ಪತ್ತೆರಡು ವರ್ಷಕ್ಕೆ 1,65,000 ರೂಪಾಯಿ. ಬಿಟ್ಟಿ ಸಲಹೆಯನ್ನು ನಂಬಿದ ಮಾಲಕರು ಈ ಹಣವನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ನಾವು ಹೋಗಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟೆವು. ಮಾಲಕರು ಬಹಳ ಹೊತ್ತು ನೋಡಿದರು. "ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ" ಎಂದರು. ಹೇಳಬಲ್ಲವರು ಒಳಗೇ ಇದ್ದರು, ಕೇಳಿದವರಿಲ್ಲ. ಬೆಳಗಿನ ಏಳರಿಂದ ಒಂಬತ್ತರವರೆಗೆ ನೂಕುನುಗ್ಗಲು, ಮಧ್ಯಾಹ್ನ ಮೂರಕ್ಕೆ ಮೇಜು ಖಾಲಿ. ಆಳನ್ನು ತೆಗೆಯದೆ ಪಾಳಿಯನ್ನು ಹೇಗೆ ಬದಲಿಸಬಹುದೆಂದು ಆ ಮೂವರೇ ಕೂತು ನಮಗೆ ವಿವರಿಸಿದರು. ಅದನ್ನೂ ಬರೆದು ಕೊಟ್ಟಿದ್ದೇವೆ. ಬರುವ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಮಾತು. ಮೂವರೂ ಇರುತ್ತಾರೆ, ಅಡುಗೆಯ ಭಟ್ಟರೂ ಇರುತ್ತಾರೆ. ನಿವೃತ್ತ ಅಧಿಕಾರಿಗಳನ್ನೂ ಕರೆದಿದ್ದೇವೆ. ಅವರು ಇನ್ನೂ ಉತ್ತರ ಕಳುಹಿಸಿಲ್ಲ.