ಮೊದಲು ಗಾಳಿ ಹೊರಗೆ, ಆಮೇಲೆ ರೆಸಿನ್



ನಮ್ಮ ಯುವ ಘಟಕದ ಮುಂದೆ ಒಂದು ಪ್ರಸ್ತಾಪ ಇದೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚ್ ಮೈದಾನದಲ್ಲಿ ವಾಹನಗಳ ಮುಂದಿನ ಗಾಜಿಗೆ ಬಿದ್ದ ಕಲ್ಲೇಟನ್ನು ರೆಸಿನ್ ತುಂಬಿ ಸರಿಮಾಡಿಕೊಡುವುದು, ಬಂದ ಹಣವನ್ನು ಮಕ್ಕಳ ಶಾಲಾ ಖರ್ಚಿಗೆ ಕೊಡುವುದು. ರಾಷ್ಟ್ರೀಯ ಹೆದ್ದಾರಿ 66ರ ಷಟ್ಪಥ ಕೆಲಸ ಶುರುವಾದ ಮೇಲೆ ತಲಪಾಡಿಯಿಂದ ಕಾಸರಗೋಡಿನವರೆಗೆ ಜಲ್ಲಿ ಟಿಪ್ಪರ್‌ಗಳ ಹಿಂದೆ ಓಡಾಡಿದವರಿಗೆ ಇದರ ಅಗತ್ಯ ಗೊತ್ತು. ಯೋಚನೆ ಒಳ್ಳೆಯದು. ಆದರೆ "ಗಾಡಿಗೆ ಹತ್ತು ನಿಮಿಷ, ಮೂರು ತಂಡ, ಊಟದ ಮೊದಲು ಮೂವತ್ತು ಗಾಡಿ" ಎಂಬ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ಕಾರಣ, ಬಿರುಕಿನೊಳಗೆ ಸಿಕ್ಕಿಕೊಳ್ಳುವ ಗಾಳಿ.

ಕಾರಿನ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಗಾಜಿನ ಹಾಳೆ, ನಡುವೆ ಪ್ಲಾಸ್ಟಿಕ್ಕಿನ ಒಂದು ಪದರ. ಸಣ್ಣ ಕಲ್ಲು ಬಡಿದಾಗ ಸಾಮಾನ್ಯವಾಗಿ ಹೊರಗಿನ ಹಾಳೆ ಮಾತ್ರ ಒಡೆಯುತ್ತದೆ. ಮೇಲೆ ಕಾಣುವುದು ಸಾಸಿವೆಯಷ್ಟು ಗುಂಡಿಯಾದರೂ ಒಳಗೆ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಹರಡಿರುತ್ತವೆ. ಅವುಗಳಲ್ಲೆಲ್ಲ ಗಾಳಿ ತುಂಬಿದೆ. ಮೇಲಿನಿಂದ ರೆಸಿನ್ ಸುರಿದರೆ ಅದು ಬಾಯಿಯನ್ನು ಮುಚ್ಚುತ್ತದೆ. ಒಳಗಿನ ಗಾಳಿಗೆ ಹೊರಬರಲು ದಾರಿ ಇಲ್ಲ, ರೆಸಿನ್‌ಗೆ ಒಳಹೋಗಲು ಜಾಗ ಇಲ್ಲ.

"ಒಂದು ಗುಳ್ಳೆ ಉಳಿದರೆ ಏನಾಯಿತು, ನೋಡಲು ಚಂದ ಇಲ್ಲ ಅಷ್ಟೇ" ಎನ್ನುವವರಿದ್ದಾರೆ. ಮೇಲಿನ ಗುಂಡಿಯಲ್ಲಿ ಉಳಿದ ಚುಕ್ಕೆಯ ಬಗ್ಗೆ ಅದು ಬಹುಮಟ್ಟಿಗೆ ಸರಿ. ಆದರೆ ಬಿರುಕಿನ ತುದಿಯಲ್ಲಿ ಗಾಳಿ ಉಳಿದರೆ ಅಲ್ಲಿ ಗಾಜು ಗಾಜಿಗೆ ಅಂಟಿಯೇ ಇಲ್ಲ. ಬಿರುಕು ಬೆಳೆಯುವುದು ಆ ತುದಿಯಿಂದಲೇ. ಹೊಂಡಕ್ಕೆ ಚಕ್ರ ಇಳಿದಾಗ, ಬಿಸಿಲಲ್ಲಿ ಕಾದ ಗಾಜಿಗೆ ಒಳಗಿನಿಂದ ಎ.ಸಿ. ತಂಪು ತಾಗಿದಾಗ ಅದು ಮತ್ತೆ ಓಡಬಹುದು. ಅಷ್ಟರಲ್ಲಿ ಆ ಮನೆಯವರು "ರಿಪೇರಿ ಆಗಿದೆ" ಎಂದು ನಂಬಿ ಮಕ್ಕಳನ್ನು ಕೂರಿಸಿಕೊಂಡು ಹೊರಟಿರುತ್ತಾರೆ.

ಹಾಗಾದರೆ ಸರಿಯಾದ ಕ್ರಮ ಯಾವುದು? ಮೊದಲು ಗುಂಡಿಯಲ್ಲಿರುವ ಗಾಜಿನ ಪುಡಿಯನ್ನು ಸೂಜಿಯ ಮೊನೆಯಿಂದ ಮೆಲ್ಲನೆ ತೆಗೆಯಬೇಕು. ನಮ್ಮೂರಿನ ಮಳೆಗಾಲದಲ್ಲಿ ಒಳಗೆ ತೇವ ಇರುತ್ತದೆ. ಹದವಾದ ಬಿಸಿಗಾಳಿಯಿಂದ ಒಣಗಿಸಿ, ಗಾಜು ತಣ್ಣಗಾಗುವವರೆಗೆ ಕಾಯಬೇಕು. ಲೈಟರ್ ಹಿಡಿಯಲೇಬಾರದು. ಆಮೇಲೆ ಕಿಟ್ಟಿನ ಕೊಳವೆ ಗುಂಡಿಯ ಮೇಲೆ ನೇರವಾಗಿ, ಸುತ್ತ ಎಲ್ಲೂ ಗಾಳಿ ಸೋರದಂತೆ ಕೂರಬೇಕು. ಕೆಲವೇ ಹನಿ ರೆಸಿನ್ ಹಾಕಿ ಸಿರಿಂಜ್ ಎಳೆದು ಹಿಡಿದರೆ ಬಿರುಕಿನ ಗಾಳಿ ಗುಳ್ಳೆಗಳಾಗಿ ರೆಸಿನ್ ಮೂಲಕ ಮೇಲೆ ಬರುತ್ತದೆ. ಕೆಲವು ನಿಮಿಷ ಬಿಟ್ಟು ಎಳೆತ ಸಡಿಲಿಸಬೇಕು, ನಂತರ ಒತ್ತಡ ಕೊಟ್ಟು ರೆಸಿನ್ ಒಳಗೆ ತಳ್ಳಬೇಕು. ಒಂದು ಸಲಕ್ಕೆ ಮುಗಿಯದಿದ್ದರೆ ಮತ್ತೆ ಎಳೆತ, ಮತ್ತೆ ಒತ್ತಡ.

ಗಾಳಿ ಹೋಯಿತೋ ಇಲ್ಲವೋ ಎಂದು ಗಾಜೇ ಹೇಳುತ್ತದೆ. ರೆಸಿನ್‌ನ ವಕ್ರೀಭವನ ಸೂಚ್ಯಂಕ ಗಾಜಿನದ್ದಕ್ಕೆ, ಅಂದರೆ ಸುಮಾರು 1.5ಕ್ಕೆ, ಹತ್ತಿರ, ಗಾಳಿಯದ್ದು 1. ರೆಸಿನ್ ತುಂಬಿದ ಬಿರುಕು ಕಣ್ಣಿಗೆ ಮಾಸಿಹೋಗುತ್ತದೆ, ಗಾಳಿ ಇರುವ ಕಡೆ ಕಪ್ಪಾಗಿ ಅಥವಾ ಬೆಳ್ಳಿಯಂತೆ ಹೊಳೆದು ಕಾಣುತ್ತದೆ. ಕಾರಿನೊಳಗೆ ಕೂತು ಟಾರ್ಚ್ ಓರೆಯಾಗಿ ಹಿಡಿದು ನೋಡಿದರೆ ತಿಳಿಯುತ್ತದೆ.

ಈ ಪರೀಕ್ಷೆ ಮುಗಿಯುವ ತನಕ ನೇರಳಾತೀತ ದೀಪ ಹಚ್ಚಬಾರದು. ಅದರ ಬೆಳಕಿಗೆ ರೆಸಿನ್ ಗಟ್ಟಿಯಾದ ಮೇಲೆ ಒಳಗಿನ ಗುಳ್ಳೆಯನ್ನು ಎಳೆದು ತೆಗೆಯಲಾಗದು. ನಮಗಿರುವುದು ಒಂದೇ ಅವಕಾಶ. ಬಿಸಿಲಲ್ಲೂ ನೇರಳಾತೀತ ಕಿರಣ ಇದೆ. ಆದ್ದರಿಂದಲೇ ಹನ್ನೊಂದು ಗಂಟೆಯ ಬಿಸಿಲಿನ ಮೈದಾನ ಈ ಕೆಲಸಕ್ಕೆ ತಕ್ಕ ಜಾಗವಲ್ಲ. ಗಾಳಿ ಹೊರಡುವ ಮೊದಲೇ ರೆಸಿನ್ ಗಟ್ಟಿಯಾಗುತ್ತದೆ.

ಗಾಯವನ್ನು ಮೇಲ್ಮೇಲೆ ಮುಚ್ಚಿ ಎಲ್ಲವೂ ಸರಿಯಾಗಿದೆ ಎಂದವರ ಮೇಲೆ ಪ್ರವಾದಿ ಯೆರೆಮೀಯನಿಗೆ ಸಿಟ್ಟು ಬಂದಿತ್ತು. ಚರ್ಚಿನ ಹೆಸರಲ್ಲಿ ಮಾಡುವ ಕೆಲಸವನ್ನು ಜನ ಪರೀಕ್ಷಿಸದೆ ನಂಬುತ್ತಾರೆ. ಆ ನಂಬಿಕೆಗೆ ನಾವು ಉತ್ತರ ಕೊಡಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು. ಮಳೆ ನಿಂತ ಮೇಲೆ, ಹಾಲ್‌ನ ನೆರಳಿನಲ್ಲಿ, ಗಾಡಿಗೆ ಮುಕ್ಕಾಲು ಗಂಟೆಯಂತೆ ದಿನಕ್ಕೆ ಆರೇ ಗಾಡಿ. ಮೊದಲು ಗುಜರಿ ಗಾಜಿನ ಮೇಲೆ ಅಭ್ಯಾಸ. ಚಾಲಕನ ಕಣ್ಣಿನ ನೇರಕ್ಕಿರುವ ಏಟು, ಅಂಚಿಗೆ ಮುಟ್ಟಿದ ಬಿರುಕು, ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡದು, ಒಳಹಾಳೆಯೂ ಒಡೆದದ್ದು, ಇವನ್ನು ನಾವು ಮುಟ್ಟದೆ ಗಾಜಿನ ಅಂಗಡಿಗೆ ಕಳುಹಿಸೋಣ. ಅಲ್ಲಿಯವರೆಗೆ ಮನೆಯವರು ಏಟಿನ ಮೇಲೆ ಪಾರದರ್ಶಕ ಟೇಪ್ ಅಂಟಿಸಿಡಲಿ, ನೀರು ಮಣ್ಣು ಒಳಹೋಗದು.

ಹಣ ಕಡಿಮೆ ಸಿಗುತ್ತದೆ, ನಿಜ. ಉಳಿದದ್ದಕ್ಕೆ ಬೇರೆ ದಾರಿ ಹುಡುಕೋಣ. ಎಷ್ಟು ಪ್ರಯತ್ನಿಸಿದರೂ ಗುಳ್ಳೆ ಹೋಗದ ಗಾಡಿಯ ಯಜಮಾನರಿಗೆ ಅದನ್ನು ಟಾರ್ಚ್ ಹಿಡಿದು ತೋರಿಸಿ, ಹಣ ಪಡೆಯದೆ ಕಳುಹಿಸೋಣ. ಮುಂದಿನ ಸಭೆಯಲ್ಲಿ ನಾನು ಇದಕ್ಕೇ ಕೈ ಎತ್ತುತ್ತೇನೆ.