ಕತ್ತರಿಯ ಸತ್ಯ

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಛಾಯಾಚಿತ್ರದ ವಿಷಯದಲ್ಲಿ ಮಾತ್ರ ಲೋಕವು ಈ ಎಚ್ಚರವನ್ನು ಬಹುಕಾಲ ಮರೆತಿತ್ತು. ಚಿತ್ರಕಾರನ ಕುಂಚವು ಕಲ್ಪನೆಗೆ ವಶವಾಗಬಹುದು. ಕ್ಯಾಮೆರಾ ಯಂತ್ರವಾದುದರಿಂದ ಇದ್ದುದನ್ನು ಇದ್ದಂತೆಯೇ ತೋರಿಸುತ್ತದೆ ಎಂದು ಜನ ನಂಬಿದ್ದರು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಯೂರೋಪಿನ ಕೆಲವು ಕಲಾವಿದರು ಈ ನಂಬಿಕೆಯ ಮೇಲೆಯೇ ಕತ್ತರಿಯಾಡಿಸಿದರು. ಬೇರೆ ಬೇರೆ ಛಾಯಾಚಿತ್ರಗಳ ತುಣುಕುಗಳನ್ನು ಕತ್ತರಿಸಿ, ಒಂದಕ್ಕೊಂದು ಹೊಂದಿಸಿ ಅಂಟಿಸಿ, ಹೊಸ ಅರ್ಥವನ್ನು ಹೊರಡಿಸುವ ಈ ಕಲೆಗೆ ಫೋಟೊಮಾಂಟಾಜ್ ಎಂದು ಹೆಸರು. ಮುದ್ರಣದ ಬಲದಿಂದ ಅದು ರಾಜಕೀಯ ಭಿತ್ತಿಪತ್ರವಾಗಿ ಬೀದಿಯ ಗೋಡೆಗಳನ್ನೇರಿತು.

ಈ ಕಲೆಯಲ್ಲಿ ಅಗ್ರಗಣ್ಯನಾದವನು ಜರ್ಮನಿಯ ಜಾನ್ ಹಾರ್ಟ್‌ಫೀಲ್ಡ್. 1891ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಈತನ ಮೊದಲ ಹೆಸರು ಹೆಲ್ಮುಟ್ ಹೆರ್ಟ್ಸ್‌ಫೆಲ್ಡ್. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ತನ್ನ ನಾಡಿನಲ್ಲಿ ಹಬ್ಬಿದ್ದ ಇಂಗ್ಲಿಷರ ದ್ವೇಷವನ್ನು ಪ್ರತಿಭಟಿಸಲು ಆತ ತನ್ನ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಕೊಂಡನು. 1928ರ ಚುನಾವಣೆಗಾಗಿ ಕಮ್ಯುನಿಸ್ಟ್ ಪಕ್ಷಕ್ಕೆ ಆತ ರಚಿಸಿದ ಭಿತ್ತಿಪತ್ರದಲ್ಲಿ ಇರುವುದು ಕಾರ್ಮಿಕನೊಬ್ಬನ ಚಾಚಿದ ಕೈ. ಬೆರಳುಗಳು ಐದು, ಪಕ್ಷದ ಪಟ್ಟಿಯ ಸಂಖ್ಯೆಯೂ ಐದು. ದಾರಿಹೋಕನಿಗೆ ಅರ್ಥವಾಗಲು ಒಂದು ನೋಟ ಸಾಕು. 1932ರ ಮತ್ತೊಂದು ಚಿತ್ರದಲ್ಲಿ ಹಿಟ್ಲರನು ವಂದನೆಗಾಗಿ ಕೈಯೆತ್ತಿದ್ದಾನೆ; ಹಿಂದೆ ನಿಂತ ದೈತ್ಯಾಕಾರದ ಧನಿಕನು ಆ ಅಂಗೈಗೆ ನೋಟಿನ ಕಟ್ಟನ್ನು ಇಡುತ್ತಿದ್ದಾನೆ. ನಾಯಕನ ಬೆನ್ನ ಹಿಂದಿರುವ ಲಕ್ಷಗಳು ಜನರವಲ್ಲ, ಹಣದವು ಎಂಬುದೇ ಅದರ ಇಂಗಿತ. ಇಂಥ ಚಿತ್ರಗಳ ಬೆಲೆಯನ್ನು ಆತ ತೆರಬೇಕಾಯಿತು. 1933ರಲ್ಲಿ ನಾಜಿಗಳು ಮನೆಗೆ ನುಗ್ಗಿದಾಗ ಮಹಡಿಯಿಂದ ಜಿಗಿದು ತಪ್ಪಿಸಿಕೊಂಡು, ಪ್ರಾಗ್ ನಗರವನ್ನು ಸೇರಿದನು.

ಅದೇ ಕತ್ತರಿ ಸೋವಿಯೆತ್ ರಷ್ಯದಲ್ಲಿ ಪ್ರಭುತ್ವದ ಸೇವೆಗೆ ನಿಂತಿತು. ಲಾಟ್ವಿಯಾದಲ್ಲಿ ಹುಟ್ಟಿದ ಗುಸ್ತಾವ್ ಕ್ಲುತ್ಸಿಸ್ 1930ರಲ್ಲಿ ರಚಿಸಿದ ಭಿತ್ತಿಪತ್ರದಲ್ಲಿ ಹಲವು ಕೈಗಳು ಸೇರಿ ಒಂದು ಮಹಾಹಸ್ತವಾಗಿ ಮೇಲೆದ್ದಿವೆ. ಪಂಚವಾರ್ಷಿಕ ಯೋಜನೆಗೆ ಕೊಟ್ಟ ಕರೆಯದು. ಚಿತ್ರ ಭವ್ಯವಾಗಿದೆ, ಆದರೆ ಆ ಯೋಜನೆಯ ಕಾಲದಲ್ಲಿ ರೈತರು ಪಟ್ಟ ಪಾಡಿಗೆ ಅದರಲ್ಲಿ ಎಡೆಯಿಲ್ಲ. 1938ರಲ್ಲಿ ಆ ಪ್ರಭುತ್ವವೇ ಕ್ಲುತ್ಸಿಸ್‌ನನ್ನು ಬಂಧಿಸಿ ಕೊಂದಿತು. ಆಗ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದವನು ಯೆಜೊವ್. 1940ರಲ್ಲಿ ಅವನಿಗೂ ಮರಣದಂಡನೆಯಾಯಿತು. ಕಾಲುವೆಯ ದಂಡೆಯ ಮೇಲೆ ಸ್ಟಾಲಿನ್ನನ ಪಕ್ಕದಲ್ಲಿ ಅವನಿದ್ದ ಛಾಯಾಚಿತ್ರವೊಂದನ್ನು ತಿದ್ದಿ, ಅವನನ್ನು ಅಳಿಸಿಹಾಕಿದರು. ಅವನು ನಿಂತಿದ್ದೆಡೆಯಲ್ಲಿ ಬರಿಯ ನೀರು ಉಳಿಯಿತು.

ಇವೆಲ್ಲವೂ ಪ್ರಚಾರವೇ ಅಲ್ಲವೆ, ಭೇದವೆಲ್ಲಿ ಎಂದು ಕೇಳುವವರುಂಟು. ಹಾರ್ಟ್‌ಫೀಲ್ಡನೂ ಒಂದು ಪಕ್ಷಕ್ಕೆ ಸೇರಿದವನೇ, ನಿಜ. ಆದರೆ ಹಿಟ್ಲರನ ಹಿಂದೆ ದೈತ್ಯನೊಬ್ಬನು ನಿಂತಿದ್ದನೆಂದು ಯಾರೂ ಮೋಸಹೋಗಲಾರರು. ಅಲ್ಲಿ ಕಲಾವಿದನು ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ಮುಂದಿಡುತ್ತಾನೆ. ಒಪ್ಪುವುದೂ ಬಿಡುವುದೂ ನೋಡುವವನಿಗೆ ಸೇರಿದ್ದು. ಕಾಲುವೆಯ ಚಿತ್ರವಾದರೋ ಕತ್ತರಿಯನ್ನೇ ಬಚ್ಚಿಡುತ್ತದೆ. ಅದು ನಮ್ಮೊಡನೆ ವಾದಿಸುವುದಿಲ್ಲ. ವಿಚಾರಮಾಡುವ ಹಕ್ಕನ್ನೇ ನಮ್ಮಿಂದ ಕಸಿಯುತ್ತದೆ. ಮೊದಲನೆಯದು ವಾದ, ಎರಡನೆಯದು ವಂಚನೆ. ಹಾಗೆಂದು ವಾದವೆಲ್ಲವೂ ಸತ್ಯವಾಗದು. ಬೆಸುಗೆ ಕಾಣುವ ಚಿತ್ರದಲ್ಲಿಯೂ ಏನನ್ನು ಬಿಟ್ಟಿದ್ದಾರೆಂದು ಕೇಳಬೇಕೆಂಬುದಕ್ಕೆ ಕ್ಲುತ್ಸಿಸ್‌ನ ಮಹಾಹಸ್ತವೇ ಸಾಕ್ಷಿ.

ಇಂದು ಕತ್ತರಿ, ಅಂಟುಗಳ ಹಂಗಿಲ್ಲ. ನಡೆಯದ ಘಟನೆಯನ್ನು ನಡೆದಂತೆಯೇ, ಬೆಸುಗೆಯ ಗುರುತೂ ಉಳಿಯದಂತೆ, ಗಣಕಯಂತ್ರವು ಕ್ಷಣಮಾತ್ರದಲ್ಲಿ ಚಿತ್ರಿಸಬಲ್ಲದು. ಆದುದರಿಂದ ಚಿತ್ರವನ್ನು ಓದುವ ವಿದ್ಯೆಯು ಅಕ್ಷರವನ್ನು ಓದುವ ವಿದ್ಯೆಯಷ್ಟೇ ಅವಶ್ಯಕವಾಗಿದೆ. ಇದನ್ನು ಯಾರು ಮಾಡಿದರು, ಯಾರಿಗಾಗಿ ಮಾಡಿದರು, ಏನನ್ನು ಮರೆಮಾಡಿದರು? ಈ ಮೂರು ಪ್ರಶ್ನೆಗಳನ್ನು ಕೇಳುವ ಪ್ರಜೆಯನ್ನು ಯಾವ ಗೋಡೆಯ ಮೇಲಿನ ಚಿತ್ರವೂ ಸುಲಭವಾಗಿ ವಂಚಿಸಲಾರದು.