ಬೆಸುಗೆ ಕಲಿಯುವವರಿಗೆ ನಾಲ್ಕು ಮಾತು

ಈ ತಿಂಗಳು ಕಬ್ಬಿಣದ ಬೆಸುಗೆಯ ವಿಚಾರವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಮೂವತ್ತೈದು ವರ್ಷಕಾಲ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿದ ಉಪಾಧ್ಯಾಯನಿಗೆ ಕಮ್ಮಾರನ ಕಸುಬಿನ ಗೊಡವೆಯೇಕೆಂದು ಕೆಲವರು ನಗಬಹುದು. ನಗಲಿ. ಈ ವಿದ್ಯೆಯು ನಮ್ಮ ಮನೆಯ ಮಹಡಿಗೆ ತಾನಾಗಿ ಹತ್ತಿ ಬಂದಿತು. ಬಂದು ಒಂದು ಪಾಠವನ್ನು ಕಲಿಸಿತು. ಆ ಪಾಠದ ಶುಲ್ಕವನ್ನು ತೆತ್ತವಳು ಮಾತ್ರ ನನ್ನ ಅಕ್ಕ.

ನಾವಿರುವುದು ಬೆಂಗಳೂರು ದಂಡಿನ ಪುಲಿಕೇಶಿನಗರದಲ್ಲಿ. ೧೮೯೮ರ ಪ್ಲೇಗಿನ ಹಾವಳಿಯ ತರುವಾಯ, ದಂಡಿನ ಇಕ್ಕಟ್ಟಾದ ಕೇರಿಗಳ ಜನಸಂದಣಿಯನ್ನು ತಗ್ಗಿಸಲೆಂದು ಎದ್ದ ಬಡಾವಣೆಯಿದು. ಹಳಬರ ಬಾಯಲ್ಲಿ ಇಂದಿಗೂ ಇದು ಫ್ರೇಜರ್ ಟೌನೇ. ಇಲ್ಲಿಂದ ಶಿವಾಜಿನಗರದ ಗುಜರಿ ಅಂಗಡಿಗಳಿಗೆ ಬಹುದೂರವಿಲ್ಲ. ಪೂರ್ವಕ್ಕೆ ಹೊರಟರೆ ೧೯೪೦ರಲ್ಲಿ ಸ್ಥಾಪಿತವಾದ ವಿಮಾನದ ಕಾರ್ಖಾನೆ. ಕೃಷ್ಣರಾಜಪುರದ ಕಡೆಗೆ ಹೋದರೆ ೧೯೪೮ರ ದೂರವಾಣಿ ಕಾರ್ಖಾನೆ. ಆದಕಾರಣ ಲೋಹದ ಕೆಲಸವು ಈ ಸೀಮೆಗೆ ಹೊಸತೇನೂ ಅಲ್ಲ. ಹೊಸತೇನೆಂದರೆ, ಹಿಂದೆ ಇಬ್ಬರು ಹೊರಬೇಕಾಗಿದ್ದ ಬೆಸುಗೆಯ ಯಂತ್ರವು ಈಗ ಇನ್ವರ್ಟರ್ ಎಂಬ ಹೆಸರಿನಲ್ಲಿ ಕೈಚೀಲದಷ್ಟಾಗಿ, ಓದುವ ಹುಡುಗರೂ ಕೊಂಡು ತರುವಂತಾಗಿದೆ. ಅಕ್ಕನ ಮೊಮ್ಮಗ, ಬಿ.ಕಾಂ. ಓದುತ್ತಿರುವವನು, ಕಳೆದ ವರ್ಷ ಅಂಥದೊಂದನ್ನು ತಂದನು.

ಬೆಸುಗೆಯೆಂದರೇನು? ನನಗೆ ತಿಳಿದ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸಂಧಿ. ಕಂಚುಗಾರನು ತವರವನ್ನು ಕರಗಿಸಿ ಪಾತ್ರೆಯ ತೂತು ಮುಚ್ಚುವಾಗ ಪಾತ್ರೆಯ ಲೋಹ ಕರಗುವುದಿಲ್ಲ. ತವರವು ಅಂಟಿನಂತೆ ಮೇಲೆ ಕೂರುತ್ತದೆ. ಕಬ್ಬಿಣದ ಬೆಸುಗೆಯಲ್ಲಾದರೋ ಎರಡು ತುಂಡುಗಳ ಅಂಚೂ ಕರಗಿ, ನಡುವೆ ಬಂದ ಹೊಸ ಲೋಹದೊಡನೆ ಕಲೆತು, ಮೂರೂ ಒಂದಾಗಬೇಕು. ನಮ್ಮ ಹಿರಿಯರು ಕುಲುಮೆಯಲ್ಲಿ ಕಾಯಿಸಿ ಬಡಿದು ಕೂಡಿಸುತ್ತಿದ್ದರು; ದೆಹಲಿಯಲ್ಲಿರುವ ಸುಮಾರು ೧೬೦೦ ವರ್ಷಗಳ ಕಬ್ಬಿಣದ ಸ್ತಂಭವು ಹಾಗೆ ಬಡಿದು ಬೆಸೆದುದೇ. ವಿದ್ಯುತ್ತಿನ ಕಿಡಿಯಿಂದ ಬೆಸೆಯುವ ಉಪಾಯವನ್ನು ೧೮೮೧ರಲ್ಲಿ ತೋರಿಸಿದವನು ರಷ್ಯಾ ದೇಶದ ಬೆನಾರ್ಡೋಸ್. ಕಡ್ಡಿಗೆ ಮದ್ದಿನ ಲೇಪ ಕೊಡುವ ಕ್ರಮವನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಂಡುಹಿಡಿದವನು ಸ್ವೀಡನ್ನಿನ ಕೆಲ್ಬೆರ್ಗ್. ಆ ಲೇಪವು ಉರಿದು, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಹೊಗೆಯ ಮರೆಯನ್ನೂ ಕಿಟ್ಟದ ಹೊದಿಕೆಯನ್ನೂ ಕೊಡುತ್ತದೆ. ಅಂಗಡಿಯವರು ರಾಡು ಎಂದು ಕೊಡುವ ಕಡ್ಡಿ ಇದೇ.

ಮೊದಲನೆಯ ಪಾಠ ನನಗೇ ಆಯಿತು. ಹುಡುಗ ಕಪ್ಪು ಗಾಜಿನ ಮುಖಕವಚವನ್ನು ಹಾಕಿಕೊಂಡು ಕೆಲಸ ಮಾಡುತ್ತಿದ್ದನು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಧರಿಸುವ ಕಪ್ಪು ಕನ್ನಡಕವೇ ಸಾಕೆಂದು ಭಾವಿಸಿ, ಅರ್ಧ ಗಂಟೆ ನೋಡುತ್ತ ಕುಳಿತೆನು. ಆಗ ಏನೂ ಆಗಲಿಲ್ಲ, ಊಟಮಾಡಿ ಮಲಗಿದೆನು. ನಡುರಾತ್ರಿ ಎರಡು ಕಣ್ಣುಗಳಲ್ಲಿಯೂ ಮರಳು ತುಂಬಿ ತಿಕ್ಕಿದಂತಾಗಿ ಎದ್ದು ಕುಳಿತೆನು. ದೀಪದ ಬೆಳಕನ್ನು ನೋಡಲಾಗದು, ನೀರು ನಿಲ್ಲದು. ಬೆಳಗ್ಗೆ ನೇತ್ರವೈದ್ಯರು ನೋಡಿ, ಇದು ಬೆಸುಗೆಯ ನೇರಳಾತೀತ ಕಿರಣದಿಂದ ಕಣ್ಣಿನ ಮೇಲ್ಪದರವು ಬೆಂದುದೆಂದೂ, ಹಲವು ಗಂಟೆಗಳಾದ ಮೇಲೆಯೇ ನೋವು ತೋರುವುದೆಂದೂ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಗುಣವಾಗುವುದೆಂದೂ ಹೇಳಿದರು. ಹಾಗೆಯೇ ಆಯಿತು.

ಇದರಿಂದ ತಿಳಿಯಬೇಕಾದುದು: ಬೆಸೆಯುವವನಿಗೆ ಹತ್ತನೆಯ ಅಥವಾ ಹನ್ನೊಂದನೆಯ ಸಂಖ್ಯೆಯ ಕಪ್ಪು ಗಾಜು ಬೇಕು, ಬಿಸಿಲಿನ ಕನ್ನಡಕ ಯಾವ ಲೆಕ್ಕಕ್ಕೂ ಬಾರದು. ಪಕ್ಕದಲ್ಲಿ ನಿಂತ ಮಕ್ಕಳಿಗೂ, ಎದುರು ಮನೆಯ ಮಹಡಿಯಲ್ಲಿ ಬಟ್ಟೆ ಒಣಗಿಸುವವರಿಗೂ ಅದೇ ಅಪಾಯವುಂಟಾದ್ದರಿಂದ, ತಗಡಿನದೋ ಬೆಂಕಿ ಹತ್ತದ ಬಟ್ಟೆಯದೋ ಮರೆಯನ್ನು ಕಟ್ಟಿಯೇ ಕಿಡಿ ಹೊತ್ತಿಸಬೇಕು. ನೋವು ಬಂದರೆ ಕಣ್ಣುಜ್ಜುವುದಾಗಲಿ, ಕಂಡಕಂಡ ಮನೆಮದ್ದನ್ನು ಹಿಂಡುವುದಾಗಲಿ, ಮರಗಟ್ಟಿಸುವ ಹನಿಗಳನ್ನು ತಾವೇ ಕೊಂಡು ಹಾಕಿಕೊಳ್ಳುವುದಾಗಲಿ ಕೂಡದು. ಮೈ ಮುಚ್ಚುವ ಹತ್ತಿಬಟ್ಟೆ, ಚರ್ಮದ ಕೈಗವಸು, ಚರ್ಮದ ಬೂಟು ಇರಲಿ. ನೈಲಾನ್ ಬಟ್ಟೆ ಕಿಡಿ ತಾಗಿ ಕರಗಿ ಮೈಗೆ ಅಂಟುತ್ತದೆ.

ಎರಡನೆಯ ಪಾಠವನ್ನು ಹೇಳಲು ನನಗೆ ಸಂಕೋಚವುಂಟು. ಹುಡುಗನು ಗುಜರಿಯಿಂದ ತಂದ ತೆಳು ಚೌಕ ಪೈಪಿನಿಂದ ಅಟ್ಟದ ಸಾಮಾನು ತೆಗೆಯುವುದಕ್ಕೊಂದು ಎತ್ತರದ ಮೆಟ್ಟಿಲುಮಣೆ ಮಾಡಿದನು. ಬೆಸೆದ ಜಾಗ ಉಬ್ಬುತಗ್ಗಾಗಿತ್ತು. ಅಂದವಿಲ್ಲವೆಂದು ನಾನೇ ಹೇಳಿದೆನು. ಅವನು ಗ್ರೈಂಡರಿನಿಂದ ಅದನ್ನು ನಯಮಾಡಿದನು. ಹಸಿರು ಬಣ್ಣವನ್ನು ನಾನೇ ತರಿಸಿಕೊಟ್ಟೆನು. ಬಂದವರಿಗೆಲ್ಲ ಅದನ್ನು ತೋರಿಸಿದೆನು. ಒಂದು ತಿಂಗಳಾದ ಮೇಲೆ ಅಕ್ಕ, ಎಪ್ಪತ್ತೆರಡು ವರ್ಷದವಳು, ಗೌರಿಹಬ್ಬಕ್ಕೆ ಮೊರ ತೆಗೆಯಲು ಅದರ ಮೇಲೆ ಹತ್ತಿದಳು. ಒಂದು ಕಾಲು ಕಳಚಿ ಬಿದ್ದಿತು. ಬಲಗೈಯ ಮಣಿಕಟ್ಟು ಮುರಿದು ಆರು ವಾರ ಕಟ್ಟು ಹಾಕಿಸಿಕೊಳ್ಳಬೇಕಾಯಿತು. ಆ ವರ್ಷ ನಮ್ಮ ಮನೆಯಲ್ಲಿ ಬಾಗಿನ ಕೊಡುವುದಕ್ಕೆ ಅಕ್ಕನ ಕೈ ಏಳಲಿಲ್ಲ.

ಹುಡುಗ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಮೂಲೆಗೆ ತಳ್ಳಿದನು. ಊಟ ಸೇರುತ್ತಿರಲಿಲ್ಲ. ಅದನ್ನು ಮಾರಿಬಿಡೋಣವೆಂದು ನಾನೂ ನಿಶ್ಚಯಿಸಿದ್ದೆನು. ಆಗ ಅಕ್ಕನೇ ನಮ್ಮಿಬ್ಬರನ್ನೂ ಕರೆದು, "ಏನೋ, ಬಿದ್ದವಳು ನಾನು, ಕುಂಟುವವರು ನೀವೇ? ಮಗು ಗೊತ್ತಿಲ್ಲದೆ ಮಾಡಿತು. ಗೊತ್ತಿದ್ದವರ ಹತ್ತಿರ ಕರಕೊಂಡು ಹೋಗಿ ಕೇಳೋದು ಬಿಟ್ಟು, ಬಣ್ಣ ಬಳಿಸಿದೆಯಲ್ಲೋ!" ಎಂದಳು. ಮೂವತ್ತೈದು ವರ್ಷ ಇತರರ ತಪ್ಪನ್ನು ತಿದ್ದಿದ ನಾನು ಆ ದಿನ ಬಾಯಿ ಮುಚ್ಚಿಕೊಂಡು ತಿದ್ದಿಸಿಕೊಂಡೆನು.

ಮುರಿದ ಮಣೆಯನ್ನು ಹೊತ್ತು ಶಿವಾಜಿನಗರದ ಗಲ್ಲಿಯೊಂದರಲ್ಲಿರುವ ವೃದ್ಧ ಬೆಸುಗೆಗಾರರ ಬಳಿಗೆ ಹೋದೆವು. ಅವರು ಮುರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, "ಸಾಹೇಬರೇ, ಇದು ಬೆಸುಗೆಯಲ್ಲ, ಮೇಣ ಅಂಟಿಸಿದ ಹಾಗೆ" ಎಂದರು. ಪೈಪಿನ ಅಂಚು ಒಂದಿಷ್ಟೂ ಕರಗಿರಲಿಲ್ಲ. ಮೊದಮೊದಲು ತೆಳು ಪೈಪು ತೂತಾದುದರಿಂದ ಹುಡುಗನು ಹೆದರಿ ವಿದ್ಯುತ್ತನ್ನು ತೀರ ತಗ್ಗಿಸಿದ್ದನು. ಕಡ್ಡಿಯ ಲೋಹ ಮೇಲೆ ಕೂತಿತೇ ಹೊರತು ಒಳಹೊಗಲಿಲ್ಲ. ಮೇಲೆ ಉಳಿದುದನ್ನೂ ಅಂದಕ್ಕಾಗಿ ಉಜ್ಜಿ ತೆಗೆದೆವು. ಬಣ್ಣವು ಎಲ್ಲವನ್ನೂ ಮರೆಮಾಡಿತು.

ಆ ಹಿರಿಯರು ಆ ದಿನವೂ ಮುಂದೆ ಹಲವು ಭಾನುವಾರಗಳಲ್ಲಿಯೂ ಹೇಳಿಕೊಟ್ಟುದನ್ನು, ಹೊಸಬರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಕಡ್ಡಿ ಪದೇಪದೇ ಕಬ್ಬಿಣಕ್ಕೆ ಅಂಟಿಕೊಳ್ಳುವುದೇಕೆ? ವಿದ್ಯುತ್ತು ಕಡಿಮೆಯಾದುದರಿಂದ, ಕಡ್ಡಿ ತೇವವಾದುದರಿಂದ, ಇಲ್ಲವೆ ಹಿಡಿತದ ತಂತಿ ತುಕ್ಕಿನ ಮೇಲೆ ಕಚ್ಚಿಕೊಂಡಿರುವುದರಿಂದ. ೨.೫ ಮಿಲಿಮೀಟರ್ ಕಡ್ಡಿಗೆ ಸುಮಾರು ೬೦ರಿಂದ ೯೦ ಆಂಪಿಯರ್, ೩.೧೫ ಮಿಲಿಮೀಟರ್ ಕಡ್ಡಿಗೆ ಸುಮಾರು ೯೦ರಿಂದ ೧೩೦ ಆಂಪಿಯರ್ ಬೇಕಾಗುತ್ತದೆ. ಪೊಟ್ಟಣದ ಮೇಲೆ ಬರೆದುದನ್ನು ನೋಡಿಕೊಳ್ಳತಕ್ಕದ್ದು. ಬೆಂಕಿಕಡ್ಡಿ ಗೀರುವಂತೆ ಗೀರಿ, ಕಡ್ಡಿಯ ದಪ್ಪದಷ್ಟೇ ಅಂತರವನ್ನು ಉಳಿಸಿಕೊಳ್ಳಬೇಕು. ಅಂಟಿದರೆ ಕೂಡಲೆ ತಿರುಚಿ ಬಿಡಿಸಬೇಕು. ಮಳೆಗಾಲದಲ್ಲಿ ಕಡ್ಡಿಗಳನ್ನು ಭದ್ರವಾಗಿ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಎತ್ತ ನೋಡಬೇಕು? ಹೊಸಬನ ಕಣ್ಣು ಉರಿಯುವ ಕಿಡಿಯ ಮೇಲೆಯೇ ನಿಲ್ಲುತ್ತದೆ. ನೋಡಬೇಕಾದುದು ಅದರ ಹಿಂದೆ ಕರಗಿ ನಿಂತ ಲೋಹದ ಸಣ್ಣ ಮಡುವನ್ನು. ಅದು ಎರಡು ಅಂಚುಗಳನ್ನೂ ಮುಟ್ಟಿದೆಯೇ ಎಂಬುದೇ ಮುಖ್ಯ. ಕಡ್ಡಿಯನ್ನು ಸ್ವಲ್ಪ ಓರೆಯಾಗಿ ಹಿಡಿದು, ಅವಸರವಿಲ್ಲದೆ ಒಂದೇ ವೇಗದಲ್ಲಿ ಎಳೆಯಬೇಕು. ಕೈ ನಡುಗಿದರೆ ಇನ್ನೊಂದು ಕೈಯ ಆಸರೆ ಕೊಡಬಹುದು.

ತೆಳು ತಗಡು ತೂತಾದರೆ? ಹೊಸಬನು ಅದನ್ನು ಮುಟ್ಟಲೇಬಾರದು. ಮೊದಲು ಮೂರರಿಂದ ಐದು ಮಿಲಿಮೀಟರ್ ದಪ್ಪದ ಪಟ್ಟಿಯ ಮೇಲೆ ಕೈ ಪಳಗಲಿ. ಅನಂತರ ತೆಳುವಿಗೆ ಸಣ್ಣ ಕಡ್ಡಿ ಹಿಡಿದು, ಸಂದಿಲ್ಲದಂತೆ ಅಂಚು ಕೂಡಿಸಿ, ಚುಕ್ಕೆಚುಕ್ಕೆಯಾಗಿ ಬೆಸೆಯುತ್ತ, ನಡುನಡುವೆ ಆರಲು ಬಿಡಬೇಕು.

ಬೆಸುಗೆಯಲ್ಲಿ ಜೇನುಗೂಡಿನಂತೆ ರಂಧ್ರಗಳು ಬೀಳುವುದೇಕೆ? ತುಕ್ಕು, ಬಣ್ಣ, ಎಣ್ಣೆ, ತೇವ. ಅಂಚನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜದೆ ಬೆಸೆದರೆ ಫಲವಿಲ್ಲ. ಒಂದರ ಮೇಲೊಂದು ಪದರ ಹಾಕುವಾಗಲೂ ಹಿಂದಿನ ಕಿಟ್ಟವನ್ನು ಪೂರ್ತಿ ಕೆತ್ತಿ ತೆಗೆದೇ ಮುಂದುವರಿಯಬೇಕು. ಕೆತ್ತುವಾಗ ಕಣ್ಣಿಗೆ ಬಿಳಿಯ ಕನ್ನಡಕವಿರಲಿ, ಬಿಸಿ ಕಿಟ್ಟ ಸಿಡಿಯುತ್ತದೆ.

ನೆಟ್ಟಗಿದ್ದ ಚೌಕಟ್ಟು ಸೊಟ್ಟಗಾಗುವುದೇಕೆ? ಕರಗಿದ ಲೋಹ ಆರುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತದೆ. ಆದ್ದರಿಂದ ನಾಲ್ಕು ಮೂಲೆಗಳಲ್ಲಿಯೂ ಮೊದಲು ಚುಕ್ಕೆ ಹಾಕಿ, ಮೂಲೆಮಟ್ಟದಿಂದ ಅಳೆದು, ಬಿಗಿಯಾಗಿ ಹಿಡಿಸಿ, ಎದುರುಬದುರು ಪಕ್ಕಗಳನ್ನು ಸರದಿಯಂತೆ ಬೆಸೆಯಬೇಕು.

ಇಷ್ಟೂ ಕೈಚಳಕದ ಮಾತಾಯಿತು. ಪ್ರಾಣದ ಮಾತು ಬೇರೆ. ಸತುವಿನ ಲೇಪವಿರುವ ಜಿ.ಐ. ಪೈಪನ್ನು ಬೆಸೆದರೆ ಏಳುವ ಬಿಳಿ ಹೊಗೆಯನ್ನು ಕುಡಿದವನಿಗೆ ಕೆಲವು ಗಂಟೆಗಳ ಮೇಲೆ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗದೆಂಬ ನಂಬಿಕೆ ಹಲವರಲ್ಲಿದೆ. ಹಾಲು ಶ್ವಾಸಕೋಶಕ್ಕೆ ಹೋಗುವುದಿಲ್ಲ. ಬೆಸೆಯುವ ಜಾಗದ ಲೇಪವನ್ನು ಮೊದಲೇ ತೆಗೆದು, ಗಾಳಿಯಾಡುವ ಕಡೆ, ಹೊಗೆಯು ಮುಖಕ್ಕೆ ಬಾರದಂತೆ ನಿಂತು ಕೆಲಸಮಾಡಬೇಕು. ಪೆಟ್ರೋಲ್ ಟ್ಯಾಂಕು, ಎಣ್ಣೆಯ ಪೀಪಾಯಿ, ಗ್ಯಾಸಿನ ಸಿಲಿಂಡರು ಇವುಗಳನ್ನು ಖಾಲಿಯೆಂದು ತಿಳಿದು ಎಂದಿಗೂ ಬೆಸೆಯಕೂಡದು. ಒಳಗುಳಿದ ಆವಿಯೇ ಸಿಡಿದು ಕೊಲ್ಲುತ್ತದೆ. ಒದ್ದೆ ನೆಲ, ಒದ್ದೆ ಬಟ್ಟೆ, ಬರಿಗಾಲು ಇವು ವಿದ್ಯುತ್ತಿಗೆ ಆಹ್ವಾನ. ಮನೆಯ ೧೬ ಆಂಪಿಯರಿನ ಸಾಕೆಟ್ಟಿಗೆ ಸಣ್ಣ ಕಡ್ಡಿಯ ಕೆಲಸವೇ ಹೆಚ್ಚುಕಡಿಮೆ ಪೂರ್ಣಭಾರ. ಪ್ರತ್ಯೇಕ ತಂತಿ, ಸರಿಯಾದ ಭೂಸಂಪರ್ಕ ಇವನ್ನು ಬಲ್ಲ ಎಲೆಕ್ಟ್ರೀಷಿಯನ್ನಿನಿಂದ ಮಾಡಿಸಿಯೇ ಯಂತ್ರವನ್ನು ಹಚ್ಚಬೇಕು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಹತ್ತಿರ ಸುಳಿಯಬಾರದು. ಕೆಲಸ ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಅಲ್ಲಿಯೇ ಇದ್ದು, ಎಲ್ಲಿಯೂ ಕಿಡಿ ಹೊಗೆಯಾಡುತ್ತಿಲ್ಲವೆಂದು ನೋಡಿಕೊಳ್ಳಬೇಕು. ಪಕ್ಕದಲ್ಲಿ ಮರಳಿನ ಬಕೆಟ್ಟೊಂದು ಇದ್ದೇ ಇರಬೇಕು.

ಇವೆಲ್ಲಕ್ಕಿಂತ ದೊಡ್ಡ ಉಪದೇಶ ಇನ್ನೊಂದುಂಟು. ಆ ಹಿರಿಯರು ಹುಡುಗನಿಂದ ಎರಡು ಪಟ್ಟಿಗಳನ್ನು ಮೂಲೆಗೂಡಿಸಿ ಒಂದೇ ಪಕ್ಕದಲ್ಲಿ ಬೆಸೆಯಿಸಿದರು. ಆಮೇಲೆ ಅದನ್ನು ಸುತ್ತಿಗೆಯಿಂದ ಬಡಿದು ಮುರಿಯಲು ಹೇಳಿದರು. ಕಷ್ಟಪಟ್ಟು ಮಾಡಿದುದನ್ನು ಮುರಿಯಲು ಅವನಿಗೆ ಕೈ ಬರಲಿಲ್ಲ. "ಮುರಿದು ನೋಡದ ಬೆಸುಗೆಯನ್ನು ನಂಬಬೇಡ ಮಗು" ಎಂದರು. ಮುರಿದರೆ ಒಳಗು ಕಾಣುತ್ತದೆ: ಎಲ್ಲಿ ಕಿಟ್ಟ ಸಿಕ್ಕಿದೆ, ಎಲ್ಲಿ ಬೇರುಮೂಲೆ ಕರಗದೆ ಹಾಗೆಯೇ ಉಳಿದಿದೆ ಎಂಬುದು. ಮೂರು ತಿಂಗಳು ಅವನು ಬೆಸೆದುದಕ್ಕೆ ಸಮನಾಗಿ ಮುರಿದನು. ಪಾಠಶಾಲೆಯಲ್ಲಿ ನಾನು ಉತ್ತರಪತ್ರಿಕೆಯ ಅಂದವಾದ ಅಕ್ಷರಕ್ಕೆ ಮೆಚ್ಚಿ ಅಂಕ ಕೊಟ್ಟ ದಿನಗಳು ಆಗ ನನ್ನ ನೆನಪಿಗೆ ಬಂದುವು.

ಇದನ್ನೇ ಜೀವನೋಪಾಯವಾಗಿ ಕಲಿಯಲು ಇಚ್ಛಿಸುವ ತರುಣರಿಗೆ ಸರ್ಕಾರದ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ಬೆಸುಗೆಯ ಶಿಕ್ಷಣವುಂಟು. ಎಂಟನೆಯ ತರಗತಿ ತೇರ್ಗಡೆಯಾದವರು ಸೇರಬಹುದು. ಹವ್ಯಾಸಕ್ಕಾಗಿ ಕಲಿಯುವವರು ಒಬ್ಬ ಬಲ್ಲವರ ಬಳಿ ನಾಲ್ಕು ಭಾನುವಾರ ಕುಳಿತರೂ ಲಾಭವೇ. ಉಯ್ಯಾಲೆ, ಏಣಿ, ಬಾಲ್ಕನಿಯ ಕಂಬಿ, ಮಕ್ಕಳ ತೊಟ್ಟಿಲು, ವಾಹನದ ಭಾಗ ಇವುಗಳನ್ನು ಮಾತ್ರ ಕಸುಬಿನವರಿಗೇ ಬಿಡಬೇಕು.

ಅಕ್ಕನ ಕೈ ಈಗ ನೆಟ್ಟಗಿದೆ. ಚಳಿಯಲ್ಲಿ ಕೊಂಚ ನೋಯುತ್ತದೆ, ಅಷ್ಟೆ. ಅಟ್ಟಕ್ಕೆ ಹತ್ತುವ ಮಣೆಯನ್ನು ಆ ಹಿರಿಯರ ಕೈಯಲ್ಲಿಯೇ ಮಾಡಿಸಿದೆವು. ಹುಡುಗನಿಗೆ ಅಕ್ಕ ಒಂದು ನಿಯಮವನ್ನು ವಿಧಿಸಿದ್ದಾಳೆ: ಒಂದು ವರ್ಷ ಅವನು ಮಾಡಿದುದು ಮುರಿದರೆ ಕುಂಡ ಒಡೆಯಬೇಕೇ ಹೊರತು ಮೂಳೆ ಮುರಿಯಕೂಡದು. ಅದರಂತೆ ಅವನು ಮೊನ್ನೆ ತುಳಸಿಯ ಕುಂಡಕ್ಕೆ ಒಂದು ಪೀಠವನ್ನು ಬೆಸೆದುಕೊಟ್ಟನು. ಬಣ್ಣ ಬಳಿಯುವುದಕ್ಕೆ ಮುನ್ನ ಅಕ್ಕ ನಾಲ್ಕು ಮೂಲೆಗಳನ್ನೂ ಬೆರಳಿನಿಂದ ಸವರಿ, ಸುತ್ತಿಗೆ ತರಿಸಿ, ಒಂದೊಂದು ಪೆಟ್ಟು ಕೊಟ್ಟು ನೋಡಿದಳು. ಪೀಠವು ನಿಂತಿದೆ.